ಮುದ್ದೆ ಇಲ್ಲದ ಹೋಟೆಲು

ಹೋಟೆಲಿನಲ್ಲಿ ತಿಂದು ಬಂದದ್ದನ್ನು ಮನೆಯಲ್ಲಿ ಬಾಯಿಬಿಡದ ಕಾಲವೊಂದಿತ್ತು. ದುಡ್ಡು ಕೊಟ್ಟು ಅನ್ನ ಉಣ್ಣುವುದೇ ಮರ್ಯಾದೆಗೆ ಕಡಿಮೆ. ಅದರಲ್ಲೂ ಯಾರು ಬೇಯಿಸಿದರೋ, ಯಾವ ನೀರು ಹಾಕಿದರೋ ತಿಳಿಯದ್ದನ್ನು ತಿಂದು ಬಂದರೆ ಹಿರಿಯರಿಂದ ಬೈಗುಳ ಖಚಿತ. ಈಗ ವೈದ್ಯರು ಚೀಟಿ ಬರೆದುಕೊಡುತ್ತಾರೆ: ಹೊರಗೆ ತಿನ್ನಲೇಬೇಕಾದರೆ ಕರಿದದ್ದು ಬೇಡ, ಮೈದಾ ಬೇಡ, ಉಪ್ಪಿನಕಾಯಿ ಹಪ್ಪಳ ಮುಟ್ಟಬೇಡಿ. ಹೋಟೆಲಿನ ಬಾಗಿಲಲ್ಲಿ ನಿಂತವನು ಆಗಲೂ ಅನುಮಾನಿಸಿದ, ಈಗಲೂ ಅನುಮಾನಿಸುತ್ತಾನೆ. ನೂರು ವರ್ಷದಲ್ಲಿ ಬದಲಾದದ್ದು ಅವನು ಯಾವುದಕ್ಕೆ ಹೆದರಿದ, ಯಾರನ್ನು ನಂಬಿದ ಎನ್ನುವುದು ಮಾತ್ರ.

ಈ ಬದಲಾವಣೆಯನ್ನು ನೋಡಲು ಜೀರಹಳ್ಳಿ ಒಳ್ಳೆಯ ಜಾಗ. ತಾಳವಾಡಿ ಬೆಟ್ಟಸೀಮೆಯ ಈ ಊರು ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಮನೆಮಾತು ಕನ್ನಡ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯಕ್ಕೆ ಇದರದೇ ಹೆಸರು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇದೇ ಸೀಮೆಯದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರದ ಪಾಲಾಯಿತು. 1956ರ ನವೆಂಬರ್ 1ರಂದು ಅದೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಇಲ್ಲಿಯವರಿಗೆ ಜಿಲ್ಲಾ ಕಚೇರಿ ಬೇಕೆಂದರೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದು ಹೋಗಬೇಕು. ಸಂತೆ, ಆಸ್ಪತ್ರೆ, ನೆಂಟರ ಮನೆ ಎಂದರೆ ಹತ್ತಿರದ್ದು ಚಾಮರಾಜನಗರ. ಹೊರಗೆ ತಿನ್ನುವುದೂ ಹಾಗೇ, ಎರಡು ರಾಜ್ಯದ ಅಡುಗೆ, ಎರಡು ಸರ್ಕಾರದ ಕಾಯಿದೆ.

ಹೋಟೆಲಿಗೂ ಮೊದಲು ಇದ್ದದ್ದು ಬುತ್ತಿ. ಮಾದಪ್ಪನ ಬೆಟ್ಟಕ್ಕೋ ಬಿಳಿಗಿರಿ ರಂಗನ ಬೆಟ್ಟಕ್ಕೋ ಬಣ್ಣಾರಿಯಮ್ಮನ ಗುಡಿಗೋ ನಡೆದು ಹೋಗುವವರು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಿದ್ದರು. ರೊಟ್ಟಿ ಎರಡು ದಿನ ಕೆಡದು, ಚಟ್ನಿಪುಡಿ ತಿಂಗಳು ಕೆಡದು. ಅರಸರು, ಶ್ರೀಮಂತರು ಕಟ್ಟಿಸಿದ ಛತ್ರಗಳು ದಾರಿಯಲ್ಲಿದ್ದವು, ಆದರೆ ಅಲ್ಲಿ ಯಾರಿಗೆ ಎಲೆ ಹಾಕುತ್ತಾರೆ, ಯಾರಿಗೆ ಬರೀ ಅಕ್ಕಿ ಬೇಳೆ ಅಳೆದು ಕೊಟ್ಟು ನೀವೇ ಬೇಯಿಸಿಕೊಳ್ಳಿ ಎನ್ನುತ್ತಾರೆ, ಯಾರನ್ನು ಅಂಗಳದಾಚೆಯೇ ನಿಲ್ಲಿಸುತ್ತಾರೆ ಎನ್ನುವುದೆಲ್ಲ ಜಾತಿಯ ಮೇಲೆ ನಿಂತಿತ್ತು. ಬುತ್ತಿ ಕಟ್ಟಿಕೊಂಡವನಿಗೆ ಆ ರಗಳೆ ಇರಲಿಲ್ಲ.

ರಾಗಿಯ ಗಟ್ಟಿತನವನ್ನು ಈ ನಾಡು ಯಾವತ್ತೋ ಗುರುತಿಸಿತ್ತು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳ ಹತ್ತದ ಧಾನ್ಯ. ಕನಕದಾಸರು ಹದಿನಾರನೆಯ ಶತಮಾನದಲ್ಲಿ ಬರೆದ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹತ್ತಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಅಕ್ಕಿ ಸೊರಗಿತು, ರಾಗಿ ಹಾಗೇ ಉಳಿಯಿತು. ರಾಮನ ತೀರ್ಪು ರಾಗಿಯ ಕಡೆಗಾಯಿತು. ಹೋಟೆಲಿನವರು ಮಾತ್ರ ಆ ತೀರ್ಪನ್ನು ಒಪ್ಪಲಿಲ್ಲ.

ಇದಕ್ಕೆ ಜಾತಿಯ ಕಾರಣವಿದೆ, ಕೆಲಸದ ಕಾರಣವೂ ಇದೆ. ದಕ್ಷಿಣ ಭಾರತದಲ್ಲಿ ಹೋಟೆಲನ್ನು ಉದ್ಯಮವಾಗಿ ಬೆಳೆಸಿದವರಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಬ್ರಾಹ್ಮಣರು. ಅವರದು ಅಕ್ಕಿ ಉಣ್ಣುವ ಸೀಮೆ. 1923ರಲ್ಲಿ ಕರಾವಳಿಯಲ್ಲಿ ದೊಡ್ಡ ನೆರೆ ಬಂದು ಹೊಲಮನೆ ಕೊಚ್ಚಿಹೋದ ಮೇಲೆ ಎಷ್ಟೋ ಹುಡುಗರು ಘಟ್ಟ ಹತ್ತಿ ಅಡುಗೆ ಕೆಲಸ ಹಿಡಿದರು. ಅವರ ಕೈಯಲ್ಲಿದ್ದ ಇಡ್ಲಿ, ದೋಸೆ ಆಗಲೇ ಹಳೆಯವು. ಸುಮಾರು ಕ್ರಿ.ಶ. 920ರ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆ ಇದೆ, 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸಿ ಮಾಡುವ ಬಗೆ ಇದೆ.

ಇಡ್ಲಿ ಹಿಟ್ಟು ಗಿರಾಕಿಗಾಗಿ ಕಾಯುತ್ತದೆ. ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಆರಕ್ಕೂ ಸೈ, ಹನ್ನೊಂದಕ್ಕೂ ಸೈ. ಒಬ್ಬ ಬಂದರೆ ಒಂದು ದೋಸೆ, ಹತ್ತು ಮಂದಿ ಬಂದರೆ ಹತ್ತು. ಮುದ್ದೆ ಹಾಗಲ್ಲ. ಎಸರು ಕುದಿಯಬೇಕು, ಹಿಟ್ಟು ಹಾಕಿ ಬೇಯಬೇಕು, ಕೋಲು ಹಿಡಿದು ಗಂಟಿಲ್ಲದಂತೆ ತೊಳಸಲು ತೋಳಿನಲ್ಲಿ ಬಲ ಬೇಕು, ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಬೇಕು. ಅರ್ಧ ಗಂಟೆ ಬಿಟ್ಟರೆ ಮೇಲೆ ಪೊರೆ ಕಟ್ಟುತ್ತದೆ, ನುಂಗುವ ಸುಖ ಹೋಗುತ್ತದೆ. ಜೊತೆಗೆ ಉಪ್ಪೆಸರೋ ಹುರುಳಿ ಬಸ್ಸಾರೋ ಅದಕ್ಕೇ ಬೇಕು, ಚಟ್ನಿ ಸಾಂಬಾರಿನಲ್ಲಿ ಮುಗಿಸುವ ಹಾಗಿಲ್ಲ. ಯಾವ ಹೊತ್ತಿಗೆ ಯಾರು ಬರುತ್ತಾರೋ ಗೊತ್ತಿಲ್ಲದ ವ್ಯಾಪಾರಕ್ಕೆ ಅದು ಒಗ್ಗಲಿಲ್ಲ. ಮಧ್ಯಾಹ್ನದ ಹೊತ್ತು ಗೊತ್ತುಮಾಡಿಕೊಂಡು ಮಟನ್ ಸಾರಿನ ಜೊತೆ ಬಿಸಿಮುದ್ದೆ ಇಟ್ಟ ಮಿಲಿಟರಿ ಹೋಟೆಲುಗಳು ಈ ಕಷ್ಟವನ್ನು ದಾಟಿದವು. ಹಳೇ ಮೈಸೂರಿನ ರೈತ ತನ್ನ ಮನೆಯ ಊಟವನ್ನು ಪೇಟೆಯಲ್ಲಿ ಕಂಡದ್ದು ಅಲ್ಲಿ ಮಾತ್ರ. ಮಾಂಸ ತಿನ್ನದವರಿಗೆ ಆ ಬಾಗಿಲೂ ಇರಲಿಲ್ಲ.

ಆ ದಿನಗಳಲ್ಲಿ ಗಿರಾಕಿ ನಂಬಿದ್ದು ಹೆಸರಿನ ಹಲಗೆಯನ್ನು. ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದದ್ದರ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್’. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್, ಎಂಟಿಆರ್. ಹಾಗೆ ಬೋರ್ಡು ಹಾಕುವುದು ಆಗ ಊರೂರಲ್ಲಿ ರೂಢಿ. ಇವತ್ತು ‘ಶುದ್ಧ ಸಸ್ಯಾಹಾರಿ, ಹೈಜೀನಿಕ್’ ಎಂದು ಬರೆಸುವ ಜಾಗದಲ್ಲಿ ಅವತ್ತು ಜಾತಿ ಬರೆಸುತ್ತಿದ್ದರು. ಒಳಗೆ ಕೂತವನಿಗೆ ಅದು ಶುಚಿಯ ಭರವಸೆ, ಹೊರಗೆ ನಿಂತವನಿಗೆ ಬರಬೇಡ ಎಂಬ ಅಪ್ಪಣೆ. ಮದರಾಸಿನಲ್ಲಿ ಇದೇ ಬೋರ್ಡಿನ ಮೇಲೆ 1957ರಲ್ಲಿ ದೊಡ್ಡ ಚಳವಳಿ ನಡೆಯಿತು. ತಿರುವಲ್ಲಿಕೇಣಿಯ ಮುರಳಿ ಕೆಫೆ ಎದುರು ಪೆರಿಯಾರ್ ಅವರ ಬೆಂಬಲಿಗರು ದಿನವೂ ಧರಣಿ ಕೂತು ‘ಬ್ರಾಹ್ಮಣ’ ಎಂಬ ಪದವನ್ನು ಅಳಿಸಲು ಒತ್ತಾಯಿಸಿದರು. ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆದಿತ್ತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆದವನಿಗೆ ಶಿಕ್ಷೆ ಗೊತ್ತುಮಾಡಿತ್ತು. ಆದರೂ ಹಳ್ಳಿಗಾಡಿನ ಟೀ ಅಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಡುವ ಪದ್ಧತಿ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ದಶಕಗಟ್ಟಲೆ ನಡೆಯಿತು. ಹೋಟೆಲಿನಲ್ಲಿ ಆರೋಗ್ಯದ ಆಯ್ಕೆ ಎಂದು ಮಾತಾಡುವಾಗ ಇದನ್ನು ಮರೆಯಲಾಗದು. ಆಯ್ಕೆ ಶುರುವಾಗುವುದು ಒಳಗೆ ಬಂದು ಕೂತ ಮೇಲೆ.

ಅಷ್ಟರಲ್ಲಿ ಊಟದ ಗುಣವನ್ನು ಬೇರೆಯೇ ರೀತಿ ಅಳೆಯುವವರು ಪಕ್ಕದಲ್ಲೇ ಹುಟ್ಟಿಕೊಂಡಿದ್ದರು. ತಾಳವಾಡಿ ಸೀಮೆಯಿಂದ ಮೋಯಾರ್ ಕಣಿವೆ ದಾಟಿದರೆ ನೀಲಗಿರಿ. ಅಲ್ಲಿನ ಕೂನೂರಿನಲ್ಲಿ 1918ರಲ್ಲಿ ಒಂದು ಕೋಣೆಯ ಬೆರಿಬೆರಿ ವಿಚಾರಣಾ ಘಟಕ ಶುರುವಾಯಿತು. ನಡೆಸಿದವರು ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. 1920ರ ದಶಕದಲ್ಲಿ ಮ್ಯಾಕ್‌ಕ್ಯಾರಿಸನ್ ಇಲಿಗಳನ್ನು ಗುಂಪು ಮಾಡಿ ಒಂದೊಂದಕ್ಕೆ ಭಾರತದ ಒಂದೊಂದು ಸೀಮೆಯ ಊಟ ಹಾಕಿ ತೂಗಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ‘ಸಿಖ್’ ಇಲಿಗಳು ಸರಾಸರಿ 235 ಗ್ರಾಂ ಬೆಳೆದವು. ‘ಕನ್ನಡ’ ಊಟದ ಇಲಿಗಳು 185 ಗ್ರಾಂ. ಎಲ್ಲಕ್ಕಿಂತ ಕೊನೆಗೆ ಬಂದದ್ದು ಪಾಲಿಶ್ ಅಕ್ಕಿ ಹೆಚ್ಚಾಗಿದ್ದ ‘ಮದರಾಸಿ’ ಊಟ, 155 ಗ್ರಾಂ. ಮಾತಿನಲ್ಲಿ ಕನ್ನಡವೂ ಆಡಳಿತದಲ್ಲಿ ಮದರಾಸೂ ಆಗಿದ್ದ ಜೀರಹಳ್ಳಿಯನ್ನು ಯಾವ ಬೋನಿನಲ್ಲಿ ಹಾಕುತ್ತಿದ್ದರೋ!

ಅಲ್ಲಿಯೇ ಮ್ಯಾಕ್‌ಕ್ಯಾರಿಸನ್ ನಂತರ ಬಂದ ವ್ಯಾಲೇಸ್ ಅಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿ ಪ್ರಕಟಿಸಿದರು. ಅಂಥ ಪಟ್ಟಿಗಳು ಬಂದ ಮೇಲೆ ರಾಗಿಯ ಗೆಲುವಿಗೆ ರಾಮನ ಸಾಕ್ಷಿ ಬೇಕಾಗಲಿಲ್ಲ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಇಷ್ಟು ಗೊತ್ತಾದರೂ ಹೋಟೆಲಿನ ಊಟದೆಲೆಯ ನಡುವೆ ಅಕ್ಕಿಯೇ ಗುಡ್ಡೆ ಬಿತ್ತು. ಕೂನೂರಿನ ತಕ್ಕಡಿಗೂ ಮಾಣಿಯ ಸೌಟಿಗೂ ಸಂಬಂಧವೇ ಏರ್ಪಡಲಿಲ್ಲ.

ಹೋಟೆಲಿನ ತಟ್ಟೆ ನಿಜಕ್ಕೂ ಬದಲಾದದ್ದು ಬರಗಾಲ, ಯುದ್ಧಗಳಿಂದ. 1942ರಲ್ಲಿ ಜಪಾನೀಯರು ರಂಗೂನ್ ಹಿಡಿದ ಮೇಲೆ ಬರ್ಮಾದ ಅಕ್ಕಿ ನಿಂತುಹೋಯಿತು, ಪಡಿತರ ಬಂತು. ಎಂಟಿಆರ್‌ನವರು ಅಕ್ಕಿಯ ಬದಲು ರವೆ ಹಾಕಿ ಇಡ್ಲಿ ಬೇಯಿಸಿದ್ದು ಆಗಲೇ. ಇವತ್ತು ರುಚಿಗೆಂದು ತಿನ್ನುವ ರವೆ ಇಡ್ಲಿ ಹುಟ್ಟಿದ್ದು ಅಕ್ಕಿ ಸಿಗದೆ. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕೇಳಿಕೊಂಡಾಗ ದೇಶದ ಹಲವೆಡೆ ಹೋಟೆಲುಗಳು ಆ ಹೊತ್ತಿಗೆ ಬಾಗಿಲು ಹಾಕಿದವು. ಅಮೆರಿಕದ ಪಿಎಲ್-480 ಗೋಧಿ ಹಡಗುಗಟ್ಟಲೆ ಬಂದ ಕಾಲವೂ ಅದೇ. ಅಕ್ಕಿಯೂರಿನ ಹೋಟೆಲುಗಳಲ್ಲಿ ಚಪಾತಿ, ಪೂರಿ ಖಾಯಂ ಆದವು.

ನಡುವೆ ಒಂದು ಒಳ್ಳೆಯ ಕೆಲಸ ನಡೆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದರು. ಅಲ್ಲಿಯ ಹೋಟೆಲುಗಳ ಶುಚಿ ಕಂಡು, ಇಲ್ಲಿ ಪಾತ್ರೆ, ಲೋಟ, ಚಮಚಗಳನ್ನು ಹಬೆಯಲ್ಲಿ ತೊಳೆಸಲು ಶುರುಮಾಡಿದರು. ಗಿರಾಕಿ ಅಡುಗೆಮನೆಯನ್ನು ಕಣ್ಣಾರೆ ಕಾಣಲಿ ಎಂದು ಏರ್ಪಾಟು ಮಾಡಿದರು. ಜಾತಿಯ ಬೋರ್ಡು ನೋಡಿ ನಂಬು ಎನ್ನುವುದಕ್ಕಿಂತ ಒಲೆ ನೋಡಿ ನಂಬು ಎನ್ನುವುದು ದೊಡ್ಡ ಹೆಜ್ಜೆ. ಕರ್ನಾಟಕದ ಹೋಟೆಲುಗಳ ಚರಿತ್ರೆಯಲ್ಲಿ ರವೆ ಇಡ್ಲಿಗಿಂತ ಇದೇ ಮುಖ್ಯ ಎಂದರೆ ರುಚಿಗಾರರು ಒಪ್ಪಲಿಕ್ಕಿಲ್ಲ.

ಬೆಟ್ಟಸೀಮೆಗೆ ಹೋಟೆಲು ಬಂದದ್ದು ರಸ್ತೆ ಬಸ್ಸುಗಳ ಹಿಂದೆ, ಟೀ ಅಂಗಡಿಯಾಗಿ. ಕೆಳಗಿನಿಂದ ಹತ್ತಿ ಬಂದ ತಿನಿಸುಗಳಲ್ಲಿ ಗಟ್ಟಿಯಾಗಿ ಕೂತದ್ದು ಪರೋಟ. ಅದನ್ನು ಮಾಡುವ ಬಗೆ ನೋಡಿದರೆ ವೈದ್ಯರು ಯಾಕೆ ಬೇಡ ಎನ್ನುತ್ತಾರೆ ಎಂದು ಕೇಳಬೇಕಿಲ್ಲ. ಮೈದಾಹಿಟ್ಟನ್ನು ಕಲಸಿ ಉಂಡೆ ಮಾಡಿ ಎಣ್ಣೆಯಲ್ಲಿ ನೆನೆಯಬಿಡುತ್ತಾರೆ. ಮಾಸ್ಟರು ಒಂದು ಉಂಡೆ ತೆಗೆದು ಎಣ್ಣೆ ಸವರಿದ ಕಲ್ಲಿನ ಮೇಲೆ ಬಡಿದು ಬೀಸುತ್ತಾನೆ. ಅದು ಪಂಚೆಯ ಹಾಗೆ ತೆಳ್ಳಗೆ ಹರಡುತ್ತದೆ. ಮಡಿಚಿ, ಸುತ್ತಿ, ತಟ್ಟಿ, ಮತ್ತೆ ಎಣ್ಣೆ ಬಿಟ್ಟು ಸುಡುತ್ತಾನೆ. ಕೊನೆಗೆ ನಾಲ್ಕೈದನ್ನು ಒಟ್ಟು ಜೋಡಿಸಿ ಎರಡೂ ಅಂಗೈಯಿಂದ ಬಡಿದು ಪದರ ಬಿಡಿಸುತ್ತಾನೆ. ಹೊಟ್ಟೆ ತುಂಬುತ್ತದೆ, ಬೆಲೆ ಕಡಿಮೆ, ಮೇಲೆ ಸಾಲ್ನಾ ಎಂಬ ಸಾರನ್ನು ಎಷ್ಟು ಬೇಕಾದರೂ ಸುರಿಯುತ್ತಾರೆ. ದಿನವಿಡೀ ಕೋಸು ಕುಯ್ದು ಲಾರಿಗೆ ತುಂಬಿದ ಆಳಿಗೆ ನಾರಿನಂಶದ ಉಪದೇಶ ಮಾಡುವುದು ಸುಲಭ, ಅದೇ ಬೆಲೆಗೆ ಬೇರೇನು ಸಿಗುತ್ತದೆ ಎಂದು ತೋರಿಸುವುದು ಕಷ್ಟ.

ಕೋಸಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ತಾಳವಾಡಿ ಸೀಮೆಯ ಹೊಲಗಳಲ್ಲಿ ರಾಗಿ, ಹುರುಳಿಯ ಜೊತೆಗೆ ಎಲೆಕೋಸು, ಆಲೂಗಡ್ಡೆ, ಬೀಟ್‌ರೂಟ್, ಬೆಳ್ಳುಳ್ಳಿ, ಅರಿಸಿನ ಎಲ್ಲ ಬೆಳೆಯುತ್ತಾರೆ. ಆ ತರಕಾರಿ ಎರಡೂ ರಾಜ್ಯದ ಮಾರುಕಟ್ಟೆಗೆ ಹೋಗುತ್ತದೆ. ಸಂಜೆ ತಳ್ಳುಗಾಡಿಯ ಗೋಬಿ ಮಂಚೂರಿಯಲ್ಲಿ ಹೂಕೋಸಿಗಿಂತ ಹೆಚ್ಚಾಗಿ ಸಿಗುವುದು ಕೊಚ್ಚಿದ ಎಲೆಕೋಸು. ಮಂಚೂರಿ ಎಂಬ ತಿನಿಸನ್ನು ಮುಂಬೈಯಲ್ಲಿ 1975ರಲ್ಲಿ ಕೋಳಿಮಾಂಸದಿಂದ ಮಾಡಿದವರು ನೆಲ್ಸನ್ ವಾಂಗ್ ಎಂಬ ಬಾಣಸಿಗ ಎನ್ನುತ್ತಾರೆ. ಅದು ಕೋಸಿನ ವೇಷ ಹಾಕಿ ಕರ್ನಾಟಕದ ಪ್ರತಿ ಸಂತೆಬೀದಿಗೂ ಬಂತು. ಹೊಲದಲ್ಲಿ ಬೆಳ್ಳಗೆ ಇದ್ದ ಕೋಸು ತಟ್ಟೆಗೆ ಬರುವಾಗ ಕೆಂಪಾಗಿರುತ್ತದೆ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿಗೂ ಬಾಂಬೆ ಮಿಠಾಯಿಗೂ ಬಣ್ಣ ಹಾಕುವುದನ್ನು ನಿಷೇಧಿಸಿದರು; ತಪ್ಪಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ತಮಿಳುನಾಡು ಬಾಂಬೆ ಮಿಠಾಯಿಯನ್ನು ಫೆಬ್ರವರಿಯಲ್ಲೇ ನಿಷೇಧಿಸಿತ್ತು. ಆ ಕೆಲವು ವಾರ ಗಡಿಯ ಈಚೆ ಅಪರಾಧವಾದ ಗುಲಾಬಿ ಮಿಠಾಯಿ ಆಚೆ ಜಾತ್ರೆಯ ಸಾಮಾನಾಗಿತ್ತು.

ಇಡ್ಲಿಯೂ ಬಚಾವಾಗಲಿಲ್ಲ. ಎಣ್ಣೆ ಇಲ್ಲದ, ಹಬೆಯಲ್ಲಿ ಬೆಂದ, ಹುದುಗು ಬಂದ ಇಡ್ಲಿಯೇ ಹೋಟೆಲಿನಲ್ಲಿ ಕಣ್ಣು ಮುಚ್ಚಿ ತಿನ್ನಬಹುದಾದ್ದು ಎಂದು ಎಲ್ಲರೂ ನಂಬಿದ್ದರು. 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಪರೀಕ್ಷೆಗೆ ಹೋದ ಸುಮಾರು 250 ಮಾದರಿಗಳಲ್ಲಿ ಐವತ್ತಕ್ಕೂ ಹೆಚ್ಚು ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸಿದ್ದು ಗೊತ್ತಾಯಿತು. ಬಟ್ಟೆಯನ್ನು ಪ್ರತಿ ಸಲ ಒಗೆಯಬೇಕು, ಒಣಗಿಸಬೇಕು; ಪ್ಲಾಸ್ಟಿಕ್ಕನ್ನು ಎಸೆದರಾಯಿತು. ಸಾವಿರ ವರ್ಷದ ತಿಂಡಿಯನ್ನು ಕೆಡಿಸಲು ಅಷ್ಟು ಸೋಮಾರಿತನ ಸಾಕಾಯಿತು.

ಕಾಯಿದೆಗೆ ಕೊರತೆಯೇನಿಲ್ಲ. ಮದರಾಸು ಪ್ರಾಂತ್ಯದಲ್ಲಿ 1918ರಲ್ಲೇ ಕಲಬೆರಕೆ ತಡೆಯುವ ಕಾಯಿದೆ ಇತ್ತು. 1954ರಲ್ಲಿ ದೇಶಕ್ಕೆಲ್ಲ ಒಂದು ಬಂತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹಳೆಯದನ್ನು ತೆಗೆದುಹಾಕಿತು. 2018ರ ಜುಲೈಯಿಂದ ಕಾದು ಕಾದು ಕೆಟ್ಟ ಎಣ್ಣೆಗೂ ಮಿತಿ ಇದೆ. ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆಯಲ್ಲಿ ಕರಿಯುವಂತಿಲ್ಲ. ಹತ್ತು ಅಥವಾ ಹೆಚ್ಚು ಶಾಖೆ ಇರುವ ಹೋಟೆಲುಗಳು ಪ್ರತಿ ತಿನಿಸಿನ ಮುಂದೆ ಕ್ಯಾಲೊರಿ ಬರೆಯಬೇಕೆಂದು 2020ರ ನಿಯಮ ಹೇಳುತ್ತದೆ. ಬೆಂಗಳೂರಿನ ಮಾಲಿನಲ್ಲಿ ಬರ್ಗರ್ ತಿನ್ನುವವನಿಗೆ ಲೆಕ್ಕ ಸಿಗುತ್ತದೆ. ಒಂದೇ ಬಾಣಲೆಯ ಅಂಗಡಿಗೆ ಆ ನಿಯಮ ತಾಗುವುದಿಲ್ಲ, ಎಣ್ಣೆ ಅಳೆಯುವ ಮೀಟರು ಅಲ್ಲಿಗೆ ಬರುವುದೂ ಅಪರೂಪ. ಹಳ್ಳಿಯವನು ನಂಬಬೇಕಾದದ್ದು ಈಗಲೂ ತನ್ನ ಕಣ್ಣು ಮೂಗನ್ನೇ. ಬಾಣಲೆಯ ಎಣ್ಣೆ ಕಪ್ಪಗೆ, ಜಿಗುಟಾಗಿ, ನೊರೆ ಕಟ್ಟಿದ್ದರೆ ಬಜ್ಜಿಯ ಆಸೆ ಬಿಡುವುದು ಲೇಸು.

ಬೆಲೆಯ ಗಂಟನ್ನು ಬಿಚ್ಚಲು ಸರ್ಕಾರಗಳು ತಾವೇ ಅಂಗಡಿ ತೆರೆದದ್ದೂ ಉಂಟು. ತಮಿಳುನಾಡಿನ ಅಮ್ಮಾ ಉಣವಗಂ 2013ರಲ್ಲಿ ಚೆನ್ನೈಯಲ್ಲಿ ಒಂದು ರೂಪಾಯಿಗೆ ಇಡ್ಲಿ, ಐದಕ್ಕೆ ಸಾಂಬಾರ್ ಅನ್ನ ಕೊಟ್ಟಿತು. ಅದನ್ನು ನೋಡಿ ಕರ್ನಾಟಕ 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದು ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಇಟ್ಟಿತು. ಬಡವನ ಹೊಟ್ಟೆಗೆ ಇವು ಮಾಡಿದ ಉಪಕಾರ ಸಣ್ಣದಲ್ಲ. ಶುರುವಿನ ಊಟದ ಪಟ್ಟಿ ಮಾತ್ರ ಅಕ್ಕಿಮಯ. ತಮಿಳುನಾಡಿನಲ್ಲಿ 2011ರಿಂದ ಪಡಿತರ ಅಕ್ಕಿ ಪುಕ್ಕಟೆ. 2023ರಲ್ಲಿ ಪಡಿತರದಲ್ಲಿ ರಾಗಿ ಕೊಟ್ಟು ನೋಡಲು ಮೊದಲು ಆರಿಸಿದ್ದು ನೀಲಗಿರಿ, ಧರ್ಮಪುರಿ ಜಿಲ್ಲೆಗಳನ್ನು. ಮೋಯಾರಿನ ಆಚೆ ದಡಕ್ಕೆ ರಾಗಿ ಬಂತು, ಈಚೆಗೆ ಬರಲಿಲ್ಲ.

ಅದೇ ವರ್ಷ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿತು. ಪೇಟೆಯ ಹೋಟೆಲುಗಳಲ್ಲಿ ರಾಗಿ ದೋಸೆ, ನವಣೆ ಬಿಸಿಬೇಳೆಬಾತ್ ಕಾಣಿಸಿಕೊಂಡವು, ಅಕ್ಕಿಯದಕ್ಕಿಂತ ದುಬಾರಿಯಾಗಿ. ರಾಗಿ ಎಂದಾಕ್ಷಣ ಎಲ್ಲ ಸರಿಹೋಯಿತು ಎಂದೂ ಅಲ್ಲ. ತುಪ್ಪ ಬೆಣ್ಣೆಯಲ್ಲಿ ಮಿಂದ ರಾಗಿ ದೋಸೆಗೂ ಮಸಾಲೆ ದೋಸೆಗೂ ಹೆಚ್ಚು ಅಂತರವಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದಪ್ಪ ಮುದ್ದೆ ನುಂಗಿದರೆ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿಯೇ ಏರುತ್ತದೆ. ಹಳೆಯ ಊಟದ ಬಲ ಮುದ್ದೆಯೊಂದರಲ್ಲೇ ಇರಲಿಲ್ಲ. ಜೊತೆಗಿದ್ದ ಸೊಪ್ಪಿನ ಬಸ್ಸಾರು, ಕಾಳು, ಮಜ್ಜಿಗೆಯಲ್ಲಿ ಇತ್ತು, ಹೊಲದ ದುಡಿಮೆಯಲ್ಲೂ ಇತ್ತು. ಹೋಟೆಲು ರಾಗಿಯನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿತು.

ತಾಳವಾಡಿಯಲ್ಲೋ ಚಾಮರಾಜನಗರದಲ್ಲೋ ಹೋಟೆಲಿಗೆ ಹೋದವರು ಕೂರುವ ಮುಂಚೆ ಎರಡು ಮಾತು ಕೇಳಲು ಸಂಕೋಚ ಬೇಡ: ಇಡ್ಲಿಗೆ ಬಟ್ಟೆ ಹಾಸಿದ್ದೀರಾ, ಎಣ್ಣೆ ಇವತ್ತಿನದಾ? ಮೂರನೆಯದನ್ನೂ ಕೇಳಿ: ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಮಾಡ್ತೀರಾ? ದಿನಕ್ಕೆ ಹತ್ತು ಜನ ಕೇಳಿದರೆ ಹೋಟೆಲಿನವನು ಕೋಲು ಹುಡುಕುತ್ತಾನೆ. ಅಡುಗೆಮನೆ ಕೊಳಕಿದ್ದರೆ, ಬಣ್ಣ ಹಾಕಿದ್ದು ಕಂಡರೆ ದೂರು ಕೊಡಬೇಕಾದದ್ದು ಆಯಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ. ಚಾಮರಾಜನಗರದಲ್ಲಿ ತಿಂದದ್ದಾದರೆ ಅಲ್ಲಿಗೇ, ತಾಳವಾಡಿಯಲ್ಲಿ ತಿಂದದ್ದಾದರೆ ಘಟ್ಟದ ಕೆಳಗಿನ ಈರೋಡು ಜಿಲ್ಲಾಡಳಿತಕ್ಕೆ.